ಸಿಂಕ್ ಕೆಳಗಿನ ಗೋಡೆ ಒದ್ದೆ, ಪೈಪ್ ಎಲ್ಲೂ ಸೋರ್ತಿಲ್ಲ. ನೀರು ಎಲ್ಲಿಂದ?

ಕುವೆಂಪುನಗರ_ಮನೆ:
ಎರಡು ತಿಂಗಳಿಂದ ತಲೆ ಕೆಟ್ಟುಹೋಗಿದೆ. ಸಿಂಕ್ ಕೆಳಗಿನ ಕಬೋರ್ಡಿನ ಹಿಂದಿನ ಪ್ಲೈವುಡ್ ಉಬ್ಬಿ ಪದರ ಪದರವಾಗಿ ಬಿಚ್ಕೊಂಡಿದೆ. ಬಾಗಿಲು ತೆಗೆದ್ರೆ ಮುಗ್ಗಲು ವಾಸನೆ. ರಾಗಿ ಹಿಟ್ಟಿನ ಡಬ್ಬದ ತಳ ತುಕ್ಕು ಹಿಡೀತು. ಇಬ್ರು ಪ್ಲಂಬರ್ ಬಂದು ಹೋದ್ರು. ಒಬ್ರು ವೇಸ್ಟ್ ಕಪ್ಲಿಂಗ್ ಬದಲಾಯಿಸಿದ್ರು, ಇನ್ನೊಬ್ರು ಸಿಂಕ್ ಸುತ್ತ ಸಿಲಿಕಾನ್ ಹಾಕಿದ್ರು. ದುಡ್ಡು ಹೋಯ್ತು, ತೇವ ಹೋಗ್ಲಿಲ್ಲ. ಯಾರಾದ್ರೂ ದಾರಿ ತೋರಿಸಿ.

ಹಳೇಮೇಸ್ತ್ರಿ:
ಗೋಡೆ ಒಳಗಿನ ಪೈಪ್ ಜಿಐ, ಅಂದ್ರೆ ಸತು ಲೇಪದ ಕಬ್ಬಿಣದ್ದು ಇದ್ರೆ ಯೋಚ್ನೆನೇ ಬೇಡ, ಎಲ್ಬೋ (ಪೈಪ್ ತಿರುಗೋ ಜಾಗದ ತುಂಡು) ತುಕ್ಕು ತಿಂದಿರುತ್ತೆ. ಟೈಲ್ಸ್ ಒಡೀರಿ.

ಕುವೆಂಪುನಗರ_ಮನೆ:
2011ರಲ್ಲಿ ಕಟ್ಟಿದ್ದು ಸರ್. ಸಿಪಿವಿಸಿ, ಪ್ಲಾಸ್ಟಿಕ್ ಪೈಪ್.

ಹಳೇಮೇಸ್ತ್ರಿ:
ಆದ್ರೂ ಅದೇ ಜಾಗ. ನಲ್ಲಿ ಕೂರೋ ಹಿತ್ತಾಳೆ ಎಲ್ಬೋ. ನಲ್ಲಿ ಹಾಕೋವಾಗ ಜಾಸ್ತಿ ಬಿಗಿ ಮಾಡಿದ್ರೆ ಕೂದಲೆಳೆಯಷ್ಟು ಸೀಳು ಬಿಡುತ್ತೆ. ನಾನು ಇಂಥದ್ದು ಬೇಕಾದಷ್ಟು ನೋಡಿದ್ದೀನಿ. ಒಡೀರಿ.

ಶಿರಸಿ_ಬಡಗಿ:
ಪ್ಲೈವುಡ್ ಮೇಲೆ ಯಾವ ಮುದ್ರೆ ಇದೆ ನೋಡಿ. ಸಿಂಕ್ ಕೆಳಗೆ ಐಎಸ್ 710, ಅಂದ್ರೆ ನೀರು ತಡೆಯೋ ಮರೈನ್ ಪ್ಲೈವುಡ್ ಹಾಕಬೇಕಿತ್ತು. ಸಾಮಾನ್ಯ ಬಳಕೆಯ ಐಎಸ್ 303 ಹಾಕಿದ್ರೆ ಹೀಗೇ ಆಗೋದು.

ಕಡಪಕಲ್ಲು:
ಯಾವ ಪ್ಲೈವುಡ್ಡೂ ಬೇಡ. ನಮ್ಮನೇಲಿ ಸಿಂಕ್ ಕೆಳಗೆ ಪೂರ್ತಿ ಕಡಪ ಕಲ್ಲು, ಬಾಗಿಲು ಮಾತ್ರ ಅಲ್ಯೂಮಿನಿಯಂ. 18 ವರ್ಷ ಆಯ್ತು, ಬಕೆಟ್ ನೀರು ಸುರಿದು ತೊಳೀತೀವಿ.

ಶಿರಸಿ_ಬಡಗಿ:
ಕಲ್ಲಿಗೆ ಚಾನೆಲ್ ಹಾಕಿ ಡ್ರಾಯರ್ ಕೂರಿಸಿ ತೋರಿಸಿ, ಆಮೇಲೆ ಮಾತಾಡೋಣ.

ಕಡಪಕಲ್ಲು:
ಸಿಂಕ್ ಕೆಳಗೆ ಡ್ರಾಯರ್ ಯಾರಿಗೆ ಬೇಕು?

ತೀರ್ಥಹಳ್ಳಿ_ಮಳೆ:
ಪ್ಲೈವುಡ್ ಯಾವ್ದಾದ್ರೇನು, ನೀರು ಎಲ್ಲಿಂದ ಅನ್ನೋದಲ್ವಾ ಪ್ರಶ್ನೆ? ಸರ್, ಗೋಡೆ ಯಾವಾಗ್ಲೂ ಒದ್ದೆಯಾ, ಕೆಲವು ದಿನ ಮಾತ್ರನಾ? ನಲ್ಲಿ ಪೈಪಲ್ಲಿ ಹಗಲೂ ರಾತ್ರಿ ಒತ್ತಡ ಇರುತ್ತೆ. ಅದು ಸೋರಿದ್ರೆ ತೇವ ಆರಲ್ಲ. ಬಚ್ಚಲು ನೀರಿನ ಪೈಪಾದ್ರೆ ಬಳಸಿದಾಗ ಮಾತ್ರ ಸೋರುತ್ತೆ.

ಕುವೆಂಪುನಗರ_ಮನೆ:
ಈಗ ನೆನಪಾಯ್ತು. ಹಬ್ಬಕ್ಕೆ 9 ದಿನ ಊರಿಗೆ ಹೋಗಿದ್ವಿ. ವಾಪಸ್ ಬಂದಾಗ ಗೋಡೆ ಸುಮಾರಾಗಿ ಒಣಗಿತ್ತು, ಅಂಚಲ್ಲಿ ಬಿಳೀ ಉಪ್ಪು ಬಿಟ್ಟಿತ್ತು. ಟ್ಯಾಂಕ್ ತುಂಬಿಸಿಟ್ಟು ಹೋಗಿದ್ವಿ, ವಾಲ್ವ್ ಮುಚ್ಚಿರಲಿಲ್ಲ. ಬಂದಾಗ್ಲೂ ತುಂಬಿದ ಹಾಗೇ ಇತ್ತು.

ತೀರ್ಥಹಳ್ಳಿ_ಮಳೆ:
ಇದನ್ನ ಮೊದಲೇ ಹೇಳಬೇಕಿತ್ತು! ಹಾಗಾದ್ರೆ ನಲ್ಲಿ ಪೈಪ್ ಅಲ್ಲ. ಆ ಗೋಡೆ ಆಚೆ ಏನಿದೆ?

ಕುವೆಂಪುನಗರ_ಮನೆ:
ಯುಟಿಲಿಟಿ. ವಾಷಿಂಗ್ ಮೆಷಿನ್ ಇದೆ, ಅದರ ಪೈಪ್ ಗೋಡೆಯೊಳಗಿನ ಔಟ್‌ಲೆಟ್‌ಗೆ ಹೋಗುತ್ತೆ. ಯುಟಿಲಿಟಿ ಕಡೆ ಆಳೆತ್ತರದವರೆಗೆ ಟೈಲ್ಸ್ ಇದೆ, ಒಂದು ಹನಿ ಇಲ್ಲ. ಅದಕ್ಕೇ ಹೇಳಲಿಲ್ಲ.

ತೀರ್ಥಹಳ್ಳಿ_ಮಳೆ:
ಆ ಕಡೆ ಟೈಲ್ಸ್ ತಡೀತಿದೆ, ಅದಕ್ಕೇ ನೀರು ಬರೀ ಗಾರೆ ಇರೋ ಕಬೋರ್ಡ್ ಕಡೆಗೆ ಬರ್ತಿದೆ. ಬಟ್ಟೆಗೆ ಹಾಕೋ ನೀಲಿ ತಗೊಳ್ಳಿ. ನೀರಲ್ಲಿ ಗಾಢವಾಗಿ ಕದಡಿ ಆ ಔಟ್‌ಲೆಟ್‌ಗೆ ಹಾಕಿ. ಕಬೋರ್ಡಿನ ಹಿಂದಿನ ಹಲಗೆ ಬಿಚ್ಚಿ ಗೋಡೆಗೆ ಬಿಳೀ ಟಿಶ್ಯೂ ಅಂಟಿಸಿಡಿ.

ಕುವೆಂಪುನಗರ_ಮನೆ:
ಚೊಂಬಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಒಂದು ಬಕೆಟ್ ಖಾಲಿ ಮಾಡಿದೆ. ಒಂದು ದಿನ ಕಾದ್ರೂ ಟಿಶ್ಯೂ ಬೆಳ್ಳಗೇ ಇದೆ.

ಹಳೇಮೇಸ್ತ್ರಿ:
ನೋಡಿ. ಎಲ್ಬೋ ಅಂತ ಮೊದಲೇ ಹೇಳಿದ್ದೆ.

ತೀರ್ಥಹಳ್ಳಿ_ಮಳೆ:
ಚೊಂಬಲ್ಲಿ ಹಾಕಿದ್ರೆ ಪೈಪ್ ತುಂಬಲ್ಲ. ಮೆಷಿನ್ ಪಂಪ್ ಒಂದೇ ಸಲ ರಭಸದಿಂದ ತಳ್ಳುತ್ತೆ. ಮೆಷಿನ್ ಒಳಗೇ ನೀಲಿ ಹಾಕಿ, ಬಟ್ಟೆ ಇಲ್ದೆ ಓಡಿಸಿ. ಆಮೇಲೆ ಡ್ರಮ್ ಎರಡು ಸಲ ತೊಳೀರಿ, ಇಲ್ಲದಿದ್ರೆ ಯೂನಿಫಾರ್ಮ್ ಹಾಳಾಗುತ್ತೆ.

ಕುವೆಂಪುನಗರ_ಮನೆ:
ಸಿಕ್ತು! ರಾತ್ರಿ ಓಡಿಸಿದ್ದು, ಬೆಳಿಗ್ಗೆ ನೋಡಿದ್ರೆ ಟಿಶ್ಯೂ ಮೇಲೆ ಅಂಗೈ ಅಗಲ ನೀಲಿ. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ. ಕೈಕಾಲು ನಡುಗಿತು ನೋಡಿ ಸಂತೋಷಕ್ಕೆ. ಯುಟಿಲಿಟಿ ಕಡೆಯಿಂದ ಎರಡು ಟೈಲ್ಸ್ ಮಾತ್ರ ತೆಗೆಸಿದ್ವಿ. ಅಲ್ಲಿ ಪಿವಿಸಿ ಬೆಂಡ್‌ಗೆ ಸಲ್ಯೂಷನ್ನೇ (ಪೈಪ್ ಅಂಟು) ಹಚ್ಚಿಲ್ಲ, ಸುಮ್ಮನೆ ತೂರಿಸಿಟ್ಟಿದ್ದಾರೆ! ಕೆಳಗೆ ನಾನಿ ಟ್ರ್ಯಾಪಲ್ಲಿ (ನೆಲದ ನೀರು ಹೋಗೋ ಜಾಲರಿ ಕೆಳಗಿನ ಬಟ್ಟಲು) ಬಟ್ಟೆ ನೂಲು ಕಟ್ಕೊಂಡು ಅರ್ಧ ಮುಚ್ಚಿತ್ತು. ಮೆಷಿನ್ ನೀರು ಬಿಟ್ಟಾಗ ನಿಂತು ಮೇಲೇರಿ ಆ ಬೆಂಡಲ್ಲಿ ಆಚೆ ಬರ್ತಿತ್ತು. ಇಷ್ಟು ವರ್ಷ ಟ್ರ್ಯಾಪ್ ಸಲೀಸಾಗಿತ್ತು, ಅದಕ್ಕೇ ಗೊತ್ತಾಗಿಲ್ಲ.

ಹಳೇಮೇಸ್ತ್ರಿ:
ಒಪ್ಪಿದೆ. ಆದ್ರೂ ಗೋಡೆ ಮುಚ್ಚೋ ಮೊದಲು ನಲ್ಲಿ ಲೈನಿಗೂ ಕೈಪಂಪಲ್ಲಿ ಪ್ರೆಶರ್ ಕೊಟ್ಟು ನೋಡಿಸಿ.

ಶಿರಸಿ_ಬಡಗಿ:
ಹೊಸ ಹಲಗೆ ಈಗಲೇ ಹಾಕಬೇಡಿ, ಗೋಡೆ ಆರಲಿ. 710ನೇ ತಗೊಳ್ಳಿ. ಕತ್ತರಿಸಿದ ಅಂಚಿಗೂ ಪೇಂಟ್ ಹೊಡೆಸಿ, ನೀರು ಕುಡಿಯೋದು ಅಂಚಿಂದ್ಲೇ.

ಕುವೆಂಪುನಗರ_ಮನೆ:
ಆರಿದೆ ಅಂತ ಹೇಗೆ ಗೊತ್ತಾಗುತ್ತೆ?

ತೀರ್ಥಹಳ್ಳಿ_ಮಳೆ:
ಒಂದಡಿ ಪ್ಲಾಸ್ಟಿಕ್ ಹಾಳೆ ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ, ಒಂದು ದಿನ ಬಿಡಿ. ಒಳಗೆ ಹನಿ ಕಟ್ಟಿದ್ರೆ ಇನ್ನೂ ಕಾಯಬೇಕು. ಕಬೋರ್ಡ್ ಬಾಗಿಲು ತೆಗೆದೇ ಇಡಿ, ಫ್ಯಾನ್ ಹಾಕಿ.

ಕುವೆಂಪುನಗರ_ಮನೆ:
ಐದನೇ ದಿನ ಇವತ್ತು. ಹನಿ ಇನ್ನೂ ಕಟ್ತಿದೆ, ಮೊದಲಿಗಿಂತ ಕಮ್ಮಿ. ವಾಸನೆ ಹೋಗಿದೆ.