ವಂಡರ್ ವುಮನ್‌ಗೆ ಅಪ್ಪ ಬೇಕಿತ್ತಾ? ಅಜರೆಲೊ ಕಟ್ಟಿದ ಹೊಸ ಡಯಾನಾ ಬಗ್ಗೆ

ವರದಾತೀರ, ಸಾಗರ
ನಮ್ಮ ಓದು ಬಳಗದಲ್ಲಿ ಈ ಸಲ ಹಳೇ ಕಥೆಯನ್ನು ಹೊಸದಾಗಿ ಕಟ್ಟುವ ಬಗ್ಗೆ ಒಂದು ತಾಸಿನ ಚರ್ಚೆ. ಬರುವವರಲ್ಲಿ ಹೆಚ್ಚಿನವರಿಗೆ ತಾಳಮದ್ದಲೆ ಗೊತ್ತು, ಕಾಮಿಕ್ಸ್ ಗೊತ್ತಿಲ್ಲ. ಬ್ರಯಾನ್ ಅಜರೆಲೊ ಬರೆದು ಕ್ಲಿಫ್ ಚಿಯಾಂಗ್ ಚಿತ್ರಿಸಿದ ವಂಡರ್ ವುಮನ್ (2011–2014) ಇಟ್ಟುಕೊಳ್ಳೋಣ ಅಂತಿದ್ದೇವೆ. ಕೆಲವರು ಇದನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರೆ, ಕೆಲವರು ಬುಡಕ್ಕೇ ಕೊಡಲಿ ಹಾಕಿದ ಅಂತಾರೆ. 35 ಸಂಚಿಕೆಯನ್ನೂ ಓದಬೇಕಾ? ಯಾವ ಭಾಗ ತೋರಿಸಿದರೆ ಎರಡೂ ಕಡೆಯ ವಾದ ನಿಲ್ಲುತ್ತೆ?

ಆಗುಂಬೆ ಮಳೆ
ಮೊದಲ 12 ಓದಿ. ಒಂದೊಂದಕ್ಕೆ 20 ಪುಟ, ಒಟ್ಟು 240. ಆಮೇಲೆ 0 (ನಡುವೆ ಬಂದ, ಡಯಾನಾಳ ಹುಡುಗಿತನದ ಸಂಚಿಕೆ), 23, 35 ಈ ಮೂರು ಸಂಚಿಕೆ ಸೇರಿಸಿಕೊಂಡರೆ ಚರ್ಚೆಗೆ ಧಾರಾಳ.

ಇದು ಗೆದ್ದದ್ದು ವೇಷಗಾರಿಕೆಯಲ್ಲಿ. ಪಾತ್ರಗಳೆಲ್ಲ ಗ್ರೀಕ್ ಪುರಾಣದ ದೇವರುಗಳು. ದೇವದೂತ ಹರ್ಮಿಸ್‌ಗೆ ಹಕ್ಕಿಯ ಕಾಲು. ಪಾತಾಳದ ದೊರೆ ಹೇಡಿಸ್ ಪುಟ್ಟ ಹುಡುಗ, ತಲೆ ಮೇಲಿನ ಮೇಣದಬತ್ತಿಗಳು ಕರಗಿ ಇಳಿದು ಕಣ್ಣೇ ಮುಚ್ಚಿಹೋಗಿದೆ. ಸಮುದ್ರದೇವ ಪೊಸೈಡನ್ ಅಂದರೆ ಒಂದು ದೈತ್ಯ ಜಲಚರ. ಯುದ್ಧದೇವ ಏರೀಸ್‌ನ ಹೆಸರು ಇಲ್ಲಿ 'ವಾರ್', ಕಾಲಿಗೆಲ್ಲ ರಕ್ತ ಮೆತ್ತಿಕೊಂಡ ದಣಿದ ಮುದುಕ. ಬಣ್ಣದ ವೇಷ ರಂಗಕ್ಕೆ ಬಂದರೆ ಭಾಗವತರು ಪದ ಎತ್ತುವ ಮೊದಲೇ ಯಾರೆಂದು ತಿಳಿಯುತ್ತಲ್ಲ, ಹಾಗೆ.

ಕಥೆಯ ಪ್ರವೇಶವೂ ಸಲೀಸು. ದೇವರಾಜ ಜೀಯಸ್ ನಾಪತ್ತೆ. ಅವನಿಂದ ಬಸುರಾದ ಜೋಲಾ ಎಂಬ ಸಾಮಾನ್ಯ ಹುಡುಗಿಯ ಮೇಲೆ ಅವನ ಹೆಂಡತಿ ಹೀರಾಳ ಸಿಟ್ಟು. ಕಾಯುವವಳು ಡಯಾನಾ, ಅಂದರೆ ವಂಡರ್ ವುಮನ್. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಯಾರೂ ಬೇಡ, ಹಿಂದಿನ ಎಪ್ಪತ್ತು ವರ್ಷದ ಚರಿತ್ರೆಯೂ ಬೇಡ. ಮುಂದೆ ಒರಾಯನ್ ಬಂದಾಗ ಈ ಬಿಗಿ ಸಡಿಲವಾಗುತ್ತೆ. ಅವನು ಬೇರೆಯದೇ ದೇವಲೋಕದವನು, ಈ ಮನೆಜಗಳಕ್ಕೆ ಹೊಂದುವುದಿಲ್ಲ.

ತೀರ್ಥಹಳ್ಳಿ ಅರ್ಥಧಾರಿ
ವೇಷ ಸರಿ ಮಾರಾಯ್ರೆ, ಆದರೆ ಪ್ರಸಂಗ ಯಾರದ್ದು?

1940ರ ದಶಕದಿಂದ ಬಂದ ಕಥೆಯಲ್ಲಿ, ಹೆಂಗಸರೇ ಇರುವ ಅಮೆಜಾನ್ ದ್ವೀಪದ ರಾಣಿ ಹಿಪೊಲಿಟಾ ಮಣ್ಣಿನಿಂದ ಮಗುವಿನ ಮೂರ್ತಿ ಮಾಡುತ್ತಾಳೆ, ದೈವ ಜೀವ ತುಂಬುತ್ತೆ. ಆ ಮಗುವೇ ಡಯಾನಾ, ಅಪ್ಪ ಅನ್ನುವವನಿಲ್ಲ. 1987ರಲ್ಲಿ ಜಾರ್ಜ್ ಪೆರೆಜ್ ಮತ್ತೆ ಶುರು ಮಾಡಿದಾಗ ಈ ಮಣ್ಣಿಗೆ ಇನ್ನೂ ತೂಕ ಕೊಟ್ಟರು. ಅವರ ಅಮೆಜಾನ್‌ಗಳು ಗಂಡಸರ ಕೈಯಲ್ಲಿ ಸತ್ತ ಹೆಂಗಸರ ಆತ್ಮಗಳು. ಹಿಪೊಲಿಟಾ ಹಿಂದಿನ ಜನ್ಮದಲ್ಲಿ ಸತ್ತಾಗ ಬಸುರಿ, ಹುಟ್ಟದೇ ಹೋದ ಆ ಕೂಸೇ ಮಣ್ಣಿಗೆ ಬಂದ ಜೀವ. ಅಜರೆಲೊ 3ನೇ ಸಂಚಿಕೆಯಲ್ಲಿ ಮಣ್ಣಿನ ಕಥೆ ಸುಳ್ಳು, ನೀನು ಜೀಯಸ್‌ನ ಮಗಳು ಅನ್ನಿಸುತ್ತಾರೆ. ಗೌರಿ ಮೈಯ ಕೊಳೆಯಿಂದ ಗಣಪನನ್ನು ಮಾಡಿದ್ದೇ ಸುಳ್ಳು, ಅದು ಊರವರ ಬಾಯಿ ಮುಚ್ಚಿಸಲು ಹೇಳಿದ್ದು ಅಂದರೆ ಹೇಗಿರುತ್ತೆ? ಗಣಪನ ಬಲ ಕಡಿಮೆಯಾಗದೇ ಇರಬಹುದು, ಗೌರಿಯದ್ದು ಹೋಯ್ತು.

4ರಲ್ಲಿ ತಾಯಿ ಕಲ್ಲಾಗುತ್ತಾಳೆ, ದ್ವೀಪದವರೆಲ್ಲ ಹಾವಾಗುತ್ತಾರೆ. 7ರಲ್ಲಿ ಇನ್ನೂ ಕೆಟ್ಟದ್ದು: ಅಮೆಜಾನ್‌ಗಳು ಹಡಗಿನವರನ್ನು ಕೂಡಿ, ಕೊಂದು, ಹುಟ್ಟಿದ ಗಂಡುಕೂಸುಗಳನ್ನು ಆಯುಧಕ್ಕೆ ಬದಲಾಗಿ ದೇವಲೋಕದ ಕಮ್ಮಾರ ಹೆಫೀಸ್ಟಸ್‌ಗೆ ಕೊಡುತ್ತಾರೆ. ನಾಯಕಿ ಒಳ್ಳೆಯವಳಾದದ್ದು ಎಲ್ಲಿ ಬೆಳೆದು ಅನ್ನುವ ಪ್ರಶ್ನೆಗೆ ಉತ್ತರವೇ ಉಳಿಯುವುದಿಲ್ಲ. ಆ ಜಾಗಕ್ಕೆ 0ನೇ ಸಂಚಿಕೆಯಲ್ಲಿ ವಾರ್‌ನನ್ನು ಗುರುವಾಗಿ ತಂದು ಕೂರಿಸಿದ್ದಾರೆ. ಅಲ್ಲಿಗೆ ಅಪ್ಪನೂ ಗಂಡು, ಗುರುವೂ ಗಂಡು.

ಆಗುಂಬೆ ಮಳೆ
7ನ್ನು ಪೂರ್ತಿ ಓದಿ ಸ್ವಾಮಿ. ಆ ಗಂಡುಮಕ್ಕಳನ್ನು ಬಿಡಿಸಲು ಡಯಾನಾ ನುಗ್ಗುತ್ತಾಳೆ, ಅವರೇ ಬೇಡ ಅಂತಾರೆ. ಸಾಕಿದವನು ಹೆಫೀಸ್ಟಸ್. ತಾನು ನಂಬಿದ್ದೆಲ್ಲ ತಲೆಕೆಳಗಾದಾಗ ಅವಳ ಮುಖ ನೋಡಿ. ಹೇಡಿಸ್ ಅವಳನ್ನು ಮದುವೆಯಾಗಲು ಹೊರಡುವ ಪ್ರಸಂಗದ ಕೊನೆಯೂ (10ನೇ ಸಂಚಿಕೆ) ಅವಳದ್ದೇ. ಕೊಲ್ಲುವುದಿಲ್ಲ. ಕನ್ನಡಿ ತೋರಿಸಿ, ಪ್ರೇಮದೇವ ಈರೋಸ್‌ನ ಪಿಸ್ತೂಲು ಹಾರಿಸಿ, ಅವನು ತನ್ನನ್ನೇ ಪ್ರೀತಿಸುವಂತೆ ಮಾಡುತ್ತಾಳೆ.

ತೀರ್ಥಹಳ್ಳಿ ಅರ್ಥಧಾರಿ
ಕನ್ನಡಿಯ ಪುಟ ಒಪ್ಪಿದೆ. ಇಡೀ ಸರಣಿ ಹಾಗೇ ಇದ್ದಿದ್ದರೆ ನನ್ನ ತಕರಾರೇ ಇರಲಿಲ್ಲ. 0ರಲ್ಲಿ ಗೂಳಿಮುಖದ ಮಿನಟಾರ್‌ನನ್ನು ಕೊಲ್ಲದೆ ಬಿಟ್ಟವಳು 23ರಲ್ಲಿ ವಾರ್‌ನ ಎದೆಗೇ ಈಟಿ ಹಾಯಿಸಿ ಅದರಿಂದಲೇ ಶತ್ರುವನ್ನು ಕೆಡವುತ್ತಾಳೆ, ಯುದ್ಧದೇವತೆಯ ಪಟ್ಟ ಅವಳಿಗೆ ಬರುತ್ತೆ. ಆ ಪಟ್ಟದ ಭಾರವನ್ನು ಆಮೇಲಿನ ಹನ್ನೆರಡು ಸಂಚಿಕೆ ಸರಿಯಾಗಿ ಹೊರುವುದಿಲ್ಲ. 35ಕ್ಕೆ ಬಂದರೆ ಜೋಲಾಳೇ ಜ್ಞಾನದೇವತೆ ಅಥೀನಾ, ಕೂಸೇ ಜೀಯಸ್! ಅಷ್ಟು ದಿನ ಇವಳು ಎತ್ತಿ ಆಡಿಸಿದ್ದು ಅಪ್ಪನನ್ನು.

ಹೊಸನಗರ ಕಾಮಿಕ್ಸ್
ಒಂದು ಸೇರ್ಪಡೆ. 2016ರಲ್ಲಿ ವಂಡರ್ ವುಮನ್ ಬರೆಯಲು ಗ್ರೆಗ್ ರುಕಾ ಬಂದಾಗ ಬೆಸ ಸಂಖ್ಯೆಯಲ್ಲಿ ಈಗಿನ ಕಥೆ, ಸಮ ಸಂಖ್ಯೆಯಲ್ಲಿ ಮೊದಲ ವರ್ಷದ ಕಥೆ ಹೀಗೆ ಎರಡೆಳೆ ನಡೆಸಿದರು. ಬಿಟ್ಟು ಬಂದ ದ್ವೀಪಕ್ಕೆ ಮತ್ತೆ ಹೋಗಿದ್ದೆ ಅಂತ ಡಯಾನಾ ನಂಬಿದ್ದೇ ಭ್ರಮೆ ಎಂದು ಅಲ್ಲಿ ಬರುತ್ತೆ. ಸಮಸಂಖ್ಯೆಯ 2ನ್ನು ಅಜರೆಲೊನ 7ರ ಪಕ್ಕ ಇಡಿ. ಒಂದೇ ದ್ವೀಪ, ಒಂದೇ ಹೆಂಗಸರು, ಅಲ್ಲಿ ಎಲ್ಲರ ಕಣ್ಣಲ್ಲೂ ಅಕ್ಕರೆ.

ಪುಟ ತೋರಿಸುವಾಗ ಕರೆಂಟ್ ನಂಬಬೇಡಿ, ಐದಾರು ಪುಟ ಜೆರಾಕ್ಸ್ ಇರಲಿ. ಚಿಯಾಂಗ್‌ನ ಗೆರೆ ದಪ್ಪ, ಕಪ್ಪು-ಬಿಳುಪಿನಲ್ಲೂ ನಿಲ್ಲುತ್ತೆ. 5, 6 ಟೋನಿ ಆಕಿನ್ಸ್ ಚಿತ್ರಿಸಿದ್ದು, ಅಲ್ಲಿ ಮುಖಗಳೇ ಬೇರೆ. ಹೊಸಬರು ಗೊಂದಲಕ್ಕೆ ಬೀಳುತ್ತಾರೆ, ಅವೆರಡರಿಂದ ತೆಗೆಯಬೇಡಿ.

ವರದಾತೀರ, ಸಾಗರ
ಹಾಗಾದರೆ 3, 7, 10, 23. ಗಣಪನ ಮಾತನ್ನು ಅರ್ಥಧಾರಿಗಳಿಂದ ಸಾಲ ತಗೊಂಡೆ.