ಪಾಮ್ ವಿಎಕ್ಸ್‌ಗೆ ಮೋಡೆಮ್ ಮಾರಲಿಕ್ಕೆ ಬಂದಿದೆ, ತೆಗೊಳ್ಳುವುದೋ ಬೇಡವೋ?

ಪೆರ್ಲದವ:

ನನ್ನ ಹತ್ತಿರ ಒಂದು ಪಾಮ್ ವಿಎಕ್ಸ್ ಉಂಟು, ಕಿಸೆಯಲ್ಲಿ ಹಿಡಿಯುವ ಹಳೆ ಕಾಲದ ಡಿಜಿಟಲ್ ಡೈರಿ. ಮಾವ ದುಬೈಯಲ್ಲಿದ್ದಾಗ ತಂದದ್ದು, ಅವರು ಊರಿಗೆ ಬಂದ ಮೇಲೆ ನನ್ನ ಕೈಗೆ ಬಂತು. ಅಲ್ಯೂಮಿನಿಯಂ ಮೈ, ಒಂದು ಗೀರೂ ಬಿದ್ದಿಲ್ಲ. ಒಳಗಿನ ಬ್ಯಾಟರಿ ಮಾತ್ರ ಸತ್ತಿತ್ತು. ಮಂಗಳೂರಿನಲ್ಲಿ ಒಬ್ಬ ಮೊಬೈಲ್ ರಿಪೇರಿ ಹುಡುಗ ಹಿಂದಿನ ಮುಚ್ಚಳ ಬಿಸಿ ಮಾಡಿ, ಅಂಟು ಬಿಡಿಸಿ ಹೊಸದು ಹಾಕಿಕೊಟ್ಟ. ಈಗ ಚಂದ ಓಡುತ್ತದೆ.

ಅಡಿಕೆ ತೋಟದ ಲೆಕ್ಕ ಎಲ್ಲ ಇದರಲ್ಲೇ. ಸುಲಿಯುವವರ ಕೂಲಿ, ಮದ್ದು ಬಿಟ್ಟ ತಾರೀಕು, ಪಂಪಿನ ಫುಟ್‌ವಾಲ್ವ್ ಯಾವಾಗ ಬದಲಿಸಿದ್ದು, ಇಂಥದ್ದು. ಮೊಬೈಲ್ ಇಲ್ವಾ ಅಂತ ಕೇಳಬೇಡಿ, ಉಂಟು. ಆದರೆ ಲೆಕ್ಕ ಬರೆಯಲಿಕ್ಕೆ ಅದನ್ನು ತೆಗೆದರೆ ನಾಲ್ಕು ಗ್ರೂಪಿನ ಸುಪ್ರಭಾತ ಓದಿ ಮುಗಿಸುವಾಗ ಯಾರಿಗೆ ಎಷ್ಟು ಕೊಟ್ಟದ್ದು ಅಂತಲೇ ಮರೆತಿರುತ್ತದೆ. ಪಾಮ್ ಆನ್ ಮಾಡಿದ ಕೂಡಲೇ ಬರೆಯಬಹುದು. ಎಂಟು ಎಂಬಿಯಲ್ಲಿ ಕಾಲು ಭಾಗವೂ ತುಂಬಿಲ್ಲ.

ವಿಷಯ ಏನೆಂದರೆ, ಅಣ್ಣ ಪುತ್ತೂರಿನಲ್ಲಿ ಇರುವುದು. ಅಡಿಕೆ ಮಾರುವುದು, ಬಿಲ್ಲು ನೋಡುವುದು ಎಲ್ಲ ಅವನೇ. ಪಾಮನ್ನು ಕೂರಿಸುವ ಕ್ರೇಡಲ್ಲೂ, ಅದರಲ್ಲಿ ಬರೆದದ್ದನ್ನು ಕಂಪ್ಯೂಟರಿಗೆ ಇಳಿಸುವ ಹಾಟ್‌ಸಿಂಕ್ ಇರುವ ಹಳೆ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರೂ ಅವನ ಮನೆಯಲ್ಲಿ. ನಾನು ಅಲ್ಲಿಗೆ ಹೋದಾಗ ಮಾತ್ರ ಸಿಂಕ್. ಈಗ ಬೆಂಗಳೂರಿನವರೊಬ್ಬರು ಪಾಮಿನ ಬುಡಕ್ಕೆ ಸಿಕ್ಕಿಸುವ, ಫೋನ್ ಲೈನಿನ ಮೇಲೆ ಡಾಟಾ ಕಳಿಸುವ ಮೋಡೆಮ್ ಮಾರಲಿಕ್ಕೆ ಇಟ್ಟಿದ್ದಾರೆ. ಎರಡೂವರೆ ಸಾವಿರ, ಕೊರಿಯರ್ ಬೇರೆ. ನಮ್ಮಲ್ಲಿ 04998ರ ಲ್ಯಾಂಡ್‌ಲೈನ್ ಇನ್ನೂ ಉಂಟು, ತಾಮ್ರದ ತಂತಿಯದ್ದೇ. ಆ ನಂಬರ್ ಬಿಡಲಿಕ್ಕೆ ಅಮ್ಮ ಒಪ್ಪುವುದಿಲ್ಲ. ಇಲ್ಲಿಂದ ಡಯಲ್ ಮಾಡಿ ಪುತ್ತೂರಿನ ಕಂಪ್ಯೂಟರಿಗೆ ನೇರ ಸಿಂಕ್ ಮಾಡಬಹುದಲ್ಲ ಅಂತ ಆಸೆ. ಜತೆಗೆ ಮೈಲ್ ಸಹ ನೋಡಲಿಕ್ಕೆ ಆದರೆ ಒಳ್ಳೆಯದು. ಗೊತ್ತಿದ್ದವರು ಹೇಳಿ.

ಹಳೇ ಲೈನು, ಬದಿಯಡ್ಕ:

ಭಾವಯ್ಯಾ, ನಾನು ಜೀವಮಾನ ಇಡೀ ಕಂಬ ಹತ್ತಿ ಇಳಿದವ. ಮೋಡೆಮಿನ ವಿಷಯ ಬಿಡು, ಮೊದಲು ಲೈನಿನ ವಿಷಯ ಕೇಳು.

ನಿನ್ನ ಕಡೆ ತಾಮ್ರ ಉಂಟು, ಸರಿ. ಅಣ್ಣನ ಕಡೆ ಎಂತ ಉಂಟು? ಪುತ್ತೂರಿನಲ್ಲಿ ಅವನ ಫೋನ್ ಫೈಬರಿನ ಪೆಟ್ಟಿಗೆಯಿಂದ ಬರುವುದಾದರೆ ಅದು ಹಳೆಯ ಫೋನ್ ಅಲ್ಲ. ಸ್ವರವನ್ನು ತುಂಡು ತುಂಡು ಮಾಡಿ ಇಂಟರ್ನೆಟ್ಟಿನ ಮೇಲೆ ಕಳಿಸಿ ಆಚೆ ಜೋಡಿಸುವುದು. ಮನುಷ್ಯ ಮಾತಾಡುವಾಗ ಒಂದು ತುಂಡು ತಪ್ಪಿದರೆ ನಮಗೆ ಗೊತ್ತೇ ಆಗುವುದಿಲ್ಲ, ಮೋಡೆಮಿಗೆ ಅಲ್ಲಿಗೇ ಕಥೆ ಮುಗಿಯಿತು. ಸ್ವರವನ್ನು ಹಿಂಡದೆ ಇದ್ದ ಹಾಗೇ ಕಳಿಸುವ ಕಡೆ ನಿಧಾನಕ್ಕೆ ಹಿಡಿದೀತು, ಹಿಂಡಿ ಕಳಿಸುವ ಕಡೆ ಸಾಧ್ಯವೇ ಇಲ್ಲ. ಮೋಡೆಮ್ ಅಂದರೆ ಒಂದು ಕಡೆಯ ಸಾಮಾನಲ್ಲ. ಎರಡು ತುದಿಯೂ ಸರಿ ಇರಬೇಕು, ನಡುವಿನ ದಾರಿಯೂ ಸರಿ ಇರಬೇಕು.

ಎರಡೂ ಕಡೆ ತಾಮ್ರವೇ ಅಂತ ಇಟ್ಟುಕೊ. ಆಟಿಯ ಮಳೆಗೆ ಜಾಯಿಂಟಿನಲ್ಲಿ ನೀರು ಹೋದರೆ ಲೈನಿನಲ್ಲಿ ಗರಗರ ಶುರು. ಅಮ್ಮನಿಗೆ ಮಾತಾಡಲಿಕ್ಕೆ ಅದು ಧಾರಾಳ ಸಾಕು, ಮೋಡೆಮ್ ವೇಗ ಇಳಿಸುತ್ತಾ ಇಳಿಸುತ್ತಾ ಕೊನೆಗೆ ಕೈಬಿಡುತ್ತದೆ. ಮತ್ತೆ ತುಲಾ ತಿಂಗಳ ಸಿಡಿಲು. ಮಧ್ಯಾಹ್ನ ಕಳೆದು ಮೋಡ ಕಪ್ಪಾದ ಕೂಡಲೇ ಗೋಡೆಯ ಫೋನ್ ಸಾಕೆಟ್ಟಿನಿಂದ (ರೋಸೆಟ್) ತಂತಿ ಎಳೆದಿಡದಿದ್ದರೆ ಮೋಡೆಮೂ ಹೋಗುತ್ತದೆ, ಅದಕ್ಕೆ ಕಚ್ಚಿಕೊಂಡ ಮಾವನ ಪಾಮೂ ಹೋಗುತ್ತದೆ. ಅಂಥಾ ಬೋರ್ಡುಗಳನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಲೈನ್ ಬರುವ ಜಾಗ ಸಣ್ಣಕ್ಕೆ ಕರಟಿರುತ್ತದೆ, ಉಳಿದದ್ದೆಲ್ಲ ಹೊಸತರ ಹಾಗೆ ಹೊಳೆಯುತ್ತಿರುತ್ತದೆ.

ಉಪ್ಪಳ ಸೀರಿಯಲ್:

ಬದಿಯಡ್ಕದ ಭಾವಯ್ಯ ಹೇಳಿದ್ದು ಸರಿ. ನಾನು ಪಾಮಿನ ಕಡೆಯಿಂದ ಹೇಳುತ್ತೇನೆ.

ಮೊದಲು ಆ ಮೋಡೆಮ್ ನಿಮ್ಮದಕ್ಕೆ ಕೂರುತ್ತದಾ ಅಂತ ನೋಡಿ. ವಿ, ವಿಎಕ್ಸ್ ಇವುಗಳ ಬುಡದ ಕನೆಕ್ಟರ್ ಬೇರೆ, ಪಾಮ್ 3ರ ಸರಣಿಯದ್ದು ಬೇರೆ, ಆಮೇಲೆ ಬಂದ ಎಂ500ರದ್ದು ಇನ್ನೂ ಬೇರೆ. ಮಾರುವವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ, ಎಲ್ಲದಕ್ಕೂ ಪಾಮ್ ಮೋಡೆಮ್ ಅಂತಲೇ ಹಾಕುತ್ತಾರೆ. ಬುಡದ ಚೀಟಿಯ ಚಿತ್ರ ಕೇಳಿ. ಅದಕ್ಕೆ ಎರಡು ಸಣ್ಣ ಟ್ರಿಪಲ್ ಎ ಸೆಲ್ ಹಾಕಬೇಕು. ಇಪ್ಪತ್ತು ವರ್ಷ ಯಾರೂ ಮುಚ್ಚಳ ತೆರೆಯದಿದ್ದರೆ ಒಳಗೆ ಸೋರಿ ಕಿಲುಬು ಹಿಡಿದಿರುತ್ತದೆ. ಆ ಚಿತ್ರವನ್ನೂ ಕೇಳಿ.

ವೇಗದ ಬಗ್ಗೆ ಚಿಂತೆ ಬೇಡ. ವಿ ಸರಣಿಯದ್ದು 33.6 ಕೆ, ಅಂದರೆ ಸೆಕೆಂಡಿಗೆ 33.6 ಕಿಲೋಬಿಟ್. ಇಡೀ ಎಂಟು ಎಂಬಿ ಸಾಗಿಸಬೇಕಾದರೆ ಅರ್ಧ ಗಂಟೆಯ ಮೇಲೆ ಹಿಡಿಯುತ್ತದೆ. ಆದರೆ ಪಾಮಿನಲ್ಲಿ ಒಂದು ಮೆಮೊ ಅಂದರೆ ಹೆಚ್ಚೆಂದರೆ ನಾಲ್ಕು ಕೆಬಿ. ನಿಮ್ಮ ಕೂಲಿ ಲೆಕ್ಕ ಎಲ್ಲ ಸೇರಿ ಇಪ್ಪತ್ತು ಕೆಬಿ ಅಂದುಕೊಂಡರೂ ಐದು ಸೆಕೆಂಡಿನ ಕೆಲಸ. ಎರಡು ಮೋಡೆಮ್ ಸುರುವಿಗೆ ಕಿರುಚಿಕೊಂಡು ಪರಿಚಯ ಮಾಡಿಕೊಳ್ಳಲಿಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಮೈಲ್ ಆಸೆ ಬಿಟ್ಟುಬಿಡಿ. ಒಂದು ಕಾಲದಲ್ಲಿ ಡಯಲ್ ಮಾಡಿದರೆ ಇಂಟರ್ನೆಟ್ ಕೊಡುವ ನಂಬರ್ ಇರುತ್ತಿತ್ತು. 1995ರ ಆಗಸ್ಟ್ 15ಕ್ಕೆ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಇಂಟರ್ನೆಟ್ ಶುರು ಮಾಡಿದಾಗ ಮನೆಯವರಿಗೆ ಅದೊಂದೇ ದಾರಿ. ಈಗ ಆಚೆಯಿಂದ ಎತ್ತುವವರು ಯಾರು? ಎತ್ತಿದರೂ ಈಗಿನ ಮೈಲ್ ಸರ್ವರುಗಳ ಬೀಗಕ್ಕೆ ವಿಎಕ್ಸ್ ಹತ್ತಿರ ಕೀ ಇಲ್ಲ. ಆ ಎನ್‌ಕ್ರಿಪ್ಷನ್ ಬಂದದ್ದೇ ಪಾಮ್ ಹಳತಾದ ಮೇಲೆ.

ನಾನಾದರೆ ಮೋಡೆಮ್ ಬಿಟ್ಟು ವಿ ಸರಣಿಯ ಹಾಟ್‌ಸಿಂಕ್ ಕೇಬಲ್ ಒಂದನ್ನು ಹುಡುಕುತ್ತೇನೆ. ಅದರ ತುದಿ ಹಳೆ ಕಾಲದ ಸೀರಿಯಲ್ ಪ್ಲಗ್, ಅದನ್ನು ಯುಎಸ್‌ಬಿಗೆ ಹಾಕುವ ಕನ್ವರ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪೆರ್ಲದಲ್ಲೇ ಲಿನಕ್ಸ್ ಇರುವ ಹಳೆ ಲ್ಯಾಪ್‌ಟಾಪ್‌ಗೆ ಚುಚ್ಚಿ, ಪೈಲಟ್-ಲಿಂಕ್ ಅನ್ನುವ ಸಾಫ್ಟ್‌ವೇರ್ ಹಾಕಿ ಸಿಂಕ್ ಮಾಡಿ, ಫೈಲನ್ನು ಅಣ್ಣನಿಗೆ ಮೈಲ್ ಮಾಡಿ. ಮುಗಿಯಿತು. ಅದೇ ತಂತಿಯ ಮೇಲೆ ಪಿಪಿಪಿ (ಸೀರಿಯಲ್ ತಂತಿಯಲ್ಲಿ ಇಂಟರ್ನೆಟ್ ಸಾಗಿಸುವ ಪದ್ಧತಿ) ಓಡಿಸಿದರೆ ಪಾಮನ್ನೇ ನೆಟ್ಟಿಗೆ ಏರಿಸಬಹುದು. ಅದು ಹವ್ಯಾಸಕ್ಕೆ ಆಯಿತು, ಅಡಿಕೆ ಲೆಕ್ಕಕ್ಕೆ ಬೇಡ.

ಕುಂಬಳೆ ಕ್ರೇಜ್:

ಎಲ್ಲರೂ ಸೇರಿ ಅವರ ಉಮೇದಿಗೆ ನೀರು ಹಾಕಬೇಡಿ ಮಾರಾಯ್ರೇ 😄 ಮೋಡೆಮೇ ಯಾಕೆ? ವಿಎಕ್ಸ್‌ನ ತಲೆಯಲ್ಲಿ ಇನ್‌ಫ್ರಾರೆಡ್ ಉಂಟಲ್ಲ. ನೋಕಿಯಾ 6310ಐ ತರದ ಹಳೆ ಫೋನ್ ಒಂದನ್ನು ಎದುರಿಗಿಟ್ಟು ಅದನ್ನೇ ಮೋಡೆಮ್ ಮಾಡಬಹುದು, 2ಜಿ ಫೋನಿನ ಇಂಟರ್ನೆಟ್ ಆದ ಜಿಪಿಆರ್‌ಎಸ್ ಹೋಗುತ್ತದೆ. 2ಜಿ ಇರುವ ಸಿಮ್ ಬೇಕು. ಜಿಯೋದಲ್ಲಿ ಆಗುವುದಿಲ್ಲ, ಅವರಲ್ಲಿ 2ಜಿಯೇ ಇಲ್ಲ. ಎರಡನ್ನೂ ಮೇಜಿನ ಮೇಲೆ ಮುಖಾಮುಖಿ ಅಲುಗಾಡದ ಹಾಗೆ ಇಡಬೇಕು, ನಡುವೆ ಯಾರೂ ಚಾ ಲೋಟ ಇಡಬಾರದು.

ಪೆರ್ಲದವ:

ಅಣ್ಣನಿಗೆ ಫೋನ್ ಮಾಡಿ ಕೇಳಿದೆ. ಅವನ ಮನೆಗೆ ಫೈಬರ್ ಬಂದು ಕಾಲವಾಯಿತಂತೆ, ಲ್ಯಾಂಡ್‌ಲೈನ್ ಅದರ ಪೆಟ್ಟಿಗೆಗೇ ಚುಚ್ಚಿರುವುದು. ಅಲ್ಲಿಗೆ ಡಯಲ್ ಮಾಡುವ ಮಾತು ನಿಂತಿತು.

ಮಾರುವವರ ಹತ್ತಿರ ಎರಡು ಚಿತ್ರ ಕೇಳಿದೆ. ಸೆಲ್ ಹಾಕುವ ಜಾಗದ ಸ್ಪ್ರಿಂಗಿನಲ್ಲಿ ಹಸಿರು ಹುಡಿ ಕಾಣುತ್ತದೆ. ಚೀಟಿಯಲ್ಲಿ ಪಾಮ್ 3 ಅಂತ ಉಂಟು! ಇದು ವಿಎಕ್ಸ್‌ಗೆ ಕೂರುವುದಿಲ್ಲವಲ್ಲ ಅಂದರೆ ಅವರು ಸಾವಿರದ ಇನ್ನೂರಕ್ಕೆ ಇಳಿದರು. ಕೂರದ ಸಾಮಾನಿಗೆ ರೇಟು ಇಳಿಸಿ ಎಂತ ಪ್ರಯೋಜನ? ಬೇಡ ಅಂದೆ.

ಭಾವಾ, ಒಂದು ಕೇಳಲಿಕ್ಕಿತ್ತು. ಅಟ್ಟದಲ್ಲಿ ಹಳೇ ಇಂಟರ್‌ಕಾಮ್ ಪೆಟ್ಟಿಗೆ ಒಂದು ಉಂಟು, ನಾಲ್ಕು ಎಕ್ಸ್‌ಟೆನ್ಶನಿನದ್ದು. ಮುಂದೆ ಸರಿಯಾದ ಮೋಡೆಮ್ ಸಿಕ್ಕಿದರೆ ಮನೆಯೊಳಗೇ ಒಂದರಿಂದ ಇನ್ನೊಂದಕ್ಕೆ ಡಯಲ್ ಮಾಡಿ ನೋಡಬಹುದಾ?

ಹಳೇ ಲೈನು, ಬದಿಯಡ್ಕ:

ಧಾರಾಳ. ಡಯಲ್ ಟೋನ್, ರಿಂಗ್ ಎರಡನ್ನೂ ಪೆಟ್ಟಿಗೆಯೇ ಕೊಡುತ್ತದೆ, ಎಕ್ಸ್‌ಚೇಂಜಿನ ಹಂಗೇ ಇಲ್ಲ. ಹತ್ತು ಮೀಟರ್ ತಂತಿಯಲ್ಲಿ ಗರಗರವೂ ಇರುವುದಿಲ್ಲ. ಆಚೆ ತುದಿಗೆ ಕಂಪ್ಯೂಟರಿಗೆ ಹಾಕುವ ಇನ್ನೊಂದು ಮೋಡೆಮ್ ಬೇಕು, ಅದು ಗುಜರಿಯಲ್ಲಿ ಸಿಗುತ್ತದೆ. ಅಮ್ಮನ ಲೈನನ್ನು ಮಾತ್ರ ಆ ಪೆಟ್ಟಿಗೆಗೆ ಕೊಡಬೇಡ.

ಪೆರ್ಲದವ:

ಕೊಡುವುದಿಲ್ಲ, ಕೊಟ್ಟರೆ ಊಟ ಸಿಗಲಿಕ್ಕಿಲ್ಲ.

ಸದ್ಯಕ್ಕೆ ಕೇಬಲ್. ವಿ ಸರಣಿಯದ್ದು ಯಾರಲ್ಲಾದರೂ ಬಿದ್ದಿದ್ದರೆ ಹೇಳಿ, ಹೇಳಿದ ರೇಟು ಕೊಡುತ್ತೇನೆ. ಪುತ್ತೂರಿನಿಂದ ಪೆರ್ಲಕ್ಕೆ ಬರುವ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಕಳಿಸಿದರೂ ಆಗುತ್ತದೆ, ನಾನು ಸ್ಟ್ಯಾಂಡಿನಲ್ಲಿ ನಿಂತು ತೆಗೊಳ್ಳುತ್ತೇನೆ.