ಸಹಾಯ ಬೇಕು: ಸ್ಪ್ಯಾನಿಷ್ ಕ್ಲಾಸಿನಾಗ ಟ್ಯಾಬ್ ರೂಢಿ ಕಲಿಸೋ ಆಟ

ಕಲಬುರಗಿ, 6ನೇ ತರಗತಿ, 40 ಮಕ್ಕಳು, 20 ಟ್ಯಾಬ್. ಟ್ಯಾಬ್ ತೆರೆಯೋದು, ಮುಚ್ಚೋದು ‘ಸಿಮೊನ್ ದೀಸೆ’ (‘ಸಿಮೊನ್ ಹೇಳ್ತಾನ’) ಆಟದಿಂದ ಕಲಿಸ್ಲಿಕತ್ತೀವಿ. ಆಜ್ಞೆಗಿಂತ ಮೊದಲು ‘ಸಿಮೊನ್ ದೀಸೆ’ ಅಂದ್ರಷ್ಟೇ ಮಾಡಬೇಕು, ಬರೀ ಆಜ್ಞೆ ಬಂದ್ರ ಕೈಕಟ್ಟಿ ಕೂಡಬೇಕು.

ತೊಡಕೇನಂದ್ರ, ‘ಆಬ್ರಾನ್’ ಅಂದ್ರ ತೆರೀರಿ, ‘ಅಪಾಗೆನ್’ ಅಂದ್ರ ಆಫ್ ಮಾಡ್ರಿ. ಸ್ಪ್ಯಾನಿಷ್‌ನಾಗ ಎರಡೂ ‘a’ದಿಂದಲೇ ಶುರು, ಅರ್ಧ ಶಬ್ದ ಕೇಳಿ ಬಟನ್ ಒತ್ತಿಬಿಡ್ತಾರ. ‘ಪಾ’ ಮ್ಯಾಲೆ ಒತ್ತು ಕೊಟ್ಟು, ಅಂಗೈ ಕೆಳಗ ಮಾಡಿ ಸನ್ನೆ ಸೇರಿಸಿದ್ರ ಸ್ವಲ್ಪ ವಾಸಿ. ಆದ್ರ ಹಿಂದಿನ ಬೆಂಚಿನವ್ರು ಸನ್ನೆಯನ್ನಷ್ಟೇ ನೋಡ್ತಾರ, ಶಬ್ದ ಕಿವಿಗೇ ಹಾಕೊಳ್ಳಂಗಿಲ್ಲ. ಸನ್ನೆ ಯಾವಾಗ ಬಿಡಬೇಕು?

ಚಾರ್ಜಿಗೆ ಹಚ್ಚೋದು, ‘ಎಂಚೂಫೆನ್’, ಪೈಪೋಟಿ ಆಟ ಮಾಡಬ್ಯಾಡ್ರಿ. ಅವಸರಕ್ಕ ಪಿನ್ ಬಾಗ್ತದ. ಅದಕ್ಕ ನಿಧಾನದ ಆಟ ಯಾವುದಾದ್ರೂ ಐತೇನು? ಇಂಟರ್ನೆಟ್ ಬೇಡದ್ದು, 5 ನಿಮಿಷದೊಳಗ ಮುಗಿಯೋದು ಹೇಳ್ರಿ.